ತಪಸ್ಸು ಕಾಲದ ಸಿದ್ಧತೆ

ಮಾಘಮಾಸ ಮುಗಿದು ಫಾಲ್ಗುಣ ಕಾಲಿಡುವ ವೇಳೆಗೆ ನಮ್ಮ ಕಡೂರು ಸೀಮೆಯ ಕೆರೆಗಳಲ್ಲಿ ನೀರು ಇಳಿಯತೊಡಗುತ್ತದೆ. ಮುಂಗಾರು ಇನ್ನೂ ಮೂರು ತಿಂಗಳು ದೂರ. ಆದರೂ ಹೂಳೆತ್ತುವುದಾದರೆ ಆಗಲೇ ಎತ್ತಬೇಕು. ತೂಬು ಸರಿಪಡಿಸುವುದಾದರೆ ಆಗಲೇ ಸರಿಪಡಿಸಬೇಕು. ಮಳೆ ಬಿದ್ದ ಮೇಲೆ ಗುದ್ದಲಿ ಹಿಡಿದು ಹೋದವನನ್ನು ಕೆರೆ ಒಳಕ್ಕೆ ಇಳಿಯಗೊಡುವುದಿಲ್ಲ. ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮನಸ್ಸಿನ ವಿಷಯ ಬಂದಾಗ ಮಾತ್ರ ನಾವೆಲ್ಲ ‘ಮಳೆ ಬರಲಿ, ಆಮೇಲೆ ನೋಡೋಣ’ ಎಂದು ಕುಳಿತುಬಿಡುತ್ತೇವೆ. ಹಬ್ಬ ಹತ್ತಿರ ಬಂತೆಂದರೆ ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ, ಮಕ್ಕಳಿಗೆ ಹೊಸ ಬಟ್ಟೆ ಎಲ್ಲವೂ ಸಿದ್ಧವಾಗುತ್ತವೆ. ಹಬ್ಬ ಮಾಡುವವನೊಬ್ಬನು ಮಾತ್ರ ಸಿದ್ಧನಾಗಿರುವುದಿಲ್ಲ.

ಈ ತಿಂಗಳುಗಳಲ್ಲಿಯೇ ನಮ್ಮ ನೆರೆಹೊರೆಯ ಕ್ರೈಸ್ತ ಬಂಧುಗಳು ‘ತಪಸ್ಸು ಕಾಲ’ ಎಂಬ ಹೊಸ ಋತುವಿಗೆ ಕಾಲಿಡುತ್ತಾರೆ. ಕ್ರಿಸ್ತನ ಪುನರುತ್ಥಾನದ ಹಬ್ಬವಾದ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತಕಾಲವಿದು. ಇದನ್ನು ಬಲ್ಲವರು ಹಲವರಿದ್ದಾರೆ. ‘ಅವರು ಆ ದಿನಗಳಲ್ಲಿ ಮಾಂಸ ತಿನ್ನುವುದಿಲ್ಲವಂತೆ’ ಎಂಬಷ್ಟನ್ನು ಮಾತ್ರ ಬಲ್ಲವರು ಇನ್ನೂ ಹೆಚ್ಚು. ಆ ಕಾಲದ ಒಳತಿರುಳೇನು, ಅದಕ್ಕೆ ಮನಸ್ಸನ್ನು ಸಿದ್ಧಪಡಿಸಿಕೊಳ್ಳುವುದೆಂದರೇನು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಮೊದಲು ಲೆಕ್ಕ. ಈಸ್ಟರ್ ಒಂದು ತಾರೀಖಿಗೆ ಕಟ್ಟುಬಿದ್ದ ಹಬ್ಬವಲ್ಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲನೆಯ ಭಾನುವಾರವೇ ಈಸ್ಟರ್. ಸೂರ್ಯನನ್ನೂ ಚಂದ್ರನನ್ನೂ ಒಟ್ಟಿಗೆ ನೋಡಿ ಹಬ್ಬ ಗೊತ್ತುಮಾಡುವ ಈ ಕ್ರಮ ಪಂಚಾಂಗ ಬಲ್ಲ ನಮಗೆ ಹೊಸದೇನಲ್ಲ. ಅದರಿಂದ ಹಿಂದಕ್ಕೆ ನಲವತ್ತಾರು ದಿನ ಎಣಿಸಿದರೆ ಒಂದು ಬುಧವಾರ ಸಿಕ್ಕುತ್ತದೆ. ಅದೇ ವಿಭೂತಿ ಬುಧವಾರ. ಬೂದಿ ಬುಧವಾರವೆಂದೂ ಹೇಳುವುದುಂಟು. ಅದು ಫೆಬ್ರವರಿ 4ಕ್ಕಿಂತ ಮುಂಚೆ ಬರುವುದಿಲ್ಲ, ಮಾರ್ಚ್ 10ಕ್ಕಿಂತ ತಡವಾಗುವುದೂ ಇಲ್ಲ. ನಲವತ್ತಾರು ದಿನಗಳಲ್ಲಿ ಆರು ಭಾನುವಾರಗಳು ಪುನರುತ್ಥಾನದ ನೆನಪಿನ ದಿನಗಳಾದುದರಿಂದ ಅವನ್ನು ಉಪವಾಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದದ್ದು ನಲವತ್ತು.

ಈ ನಲವತ್ತಕ್ಕೆ ಆಧಾರವುಂಟು. ಯೇಸು ಸ್ನಾನದೀಕ್ಷೆ ಪಡೆದ ಕೂಡಲೇ ಊರೂರು ತಿರುಗಿ ಬೋಧನೆಗೆ ತೊಡಗಲಿಲ್ಲ. ನಲವತ್ತು ದಿನ ಅಡವಿಯಲ್ಲಿ ಉಪವಾಸವಿದ್ದು, ಶೋಧನೆಗಳನ್ನು ಎದುರಿಸಿ, ಆಮೇಲೆ ಕೆಲಸಕ್ಕೆ ಹೊರಟನು. ಅವನಿಗಿಂತ ಹಿಂದೆ ಮೋಶೆ ಸೀನಾಯಿ ಬೆಟ್ಟದ ಮೇಲೆ ನಲವತ್ತು ದಿನವಿದ್ದನು. ಪ್ರವಾದಿ ಎಲೀಯನು ಹೋರೇಬಿಗೆ ನಲವತ್ತು ದಿನ ನಡೆದನು. ಮೂರು ಕಥೆಗಳಲ್ಲಿಯೂ ಒಂದು ದೊಡ್ಡ ಕೆಲಸ ಮುಂದೆ ಕಾದಿದೆ. ಅದಕ್ಕೆ ಮುಂಚೆ ಬರಿದಾದ ಒಂದು ಕಾಲವಿದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈಸ್ಟರ್ ಒಂದೇ ದಿನಕ್ಕೆ ಮುಗಿಯುವ ಹಬ್ಬವಲ್ಲ. ಅಲ್ಲಿಂದ ಪಂಚಾಶತ್ತಮ ಹಬ್ಬದವರೆಗೆ ಐವತ್ತು ದಿನ ಆ ಸಂತೋಷ ನಡೆಯುತ್ತದೆ. ವ್ರತಕ್ಕೆ ನಲವತ್ತು, ಸಂತೋಷಕ್ಕೆ ಐವತ್ತು. ತಪಸ್ಸು ಕಾಲವೆಂದರೆ ಬರೀ ಅಳುಮುಖದ ಕಾಲವೆಂದು ತಿಳಿದವರು ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಇನ್ನು ಹೆಸರಿನ ವಿಚಾರ. ಕನ್ನಡ ಪಾಠ ಹೇಳುವವನಿಗೆ ಶಬ್ದ ಕಂಡರೆ ಅದನ್ನು ಬಿಡಿಸಿ ನೋಡುವ ಚಪಲ, ಓದುಗರು ಸಹಿಸಿಕೊಳ್ಳಬೇಕು. ಲ್ಯಾಟಿನ್ ಭಾಷೆಯಲ್ಲಿ ಈ ಕಾಲದ ಹೆಸರಿಗೆ ‘ನಲವತ್ತನೆಯದು’ ಎಂದಷ್ಟೇ ಅರ್ಥ. ಇಂಗ್ಲಿಷಿನ ‘ಲೆಂಟ್’ ಎಂಬ ಮಾತಿಗೆ ಹಳೆಯ ಕಾಲದಲ್ಲಿ ವಸಂತವೆಂದೇ ಅರ್ಥ. ಹಗಲು ಉದ್ದವಾಗುವ ಕಾಲವೆಂಬುದು ಅದರ ಮೂಲ. ಚಳಿದೇಶದವರಿಗೆ ಅದು ಹಿತವಾದ ಹೆಸರು. ಕನ್ನಡ ಕ್ರೈಸ್ತರು ಆ ಎರಡನ್ನೂ ಬಿಟ್ಟು ‘ತಪಸ್ಸು’ ಎಂಬ ಮಾತನ್ನು ಎತ್ತಿಕೊಂಡರು. ‘ತಪ್’ ಎಂಬ ಧಾತುವಿಗೆ ಕಾಯುವುದು, ಸುಡುವುದು ಎಂದು ಅರ್ಥ. ನಮ್ಮ ನಾಡಿನಲ್ಲಿ ಈ ನಲವತ್ತು ದಿನಗಳು ಬರುವುದೂ ಬಿಸಿಲು ಏರುವ ಕಾಲದಲ್ಲಿಯೇ. ಮನಸ್ಸು ತಿರುಗುವುದಕ್ಕೆ ನಾವು ಹೇಳುವ ‘ಪಶ್ಚಾತ್ತಾಪ’ದಲ್ಲಿಯೂ ಇರುವುದು ಅದೇ ಧಾತು. ಮಾಡಿದ ಮೇಲೆ ಬೇಯುವುದು ಪಶ್ಚಾತ್ತಾಪ. ಮಾಡುವುದಕ್ಕೆ ಮುಂಚೆ ತನ್ನನ್ನು ತಾನೇ ಕಾಯಿಸಿಕೊಳ್ಳುವುದು ತಪಸ್ಸು.

ಅಚ್ಚಗನ್ನಡದಲ್ಲಿ ಇನ್ನೂ ಒಂದು ಸೊಗಸುಂಟು. ‘ಕಾಯುವುದು’ ಎಂದರೆ ಬಿಸಿಯಾಗುವುದು; ‘ಕಾಯುವುದು’ ಎಂದರೆ ಎದುರುನೋಡುವುದು, ಕಾವಲಿರುವುದು. ನಿಘಂಟುಕಾರರು ಇವನ್ನು ಬೇರೆ ಬೇರೆ ಧಾತುಗಳೆಂದೇ ಎಣಿಸುತ್ತಾರೆ. ಆದರೆ ನಾಲಗೆಗೆ ಎರಡೂ ಒಂದೇ. ತಪಸ್ಸು ಕಾಲಕ್ಕೆ ಈ ಎರಡು ಅರ್ಥಗಳೂ ಬೇಕು. ಬಿಸಿಯಾಗದೆ ಸುಮ್ಮನೆ ಎದುರುನೋಡುತ್ತ ಕುಳಿತರೆ ಅದು ಸೋಮಾರಿತನ. ಯಾರ ಬರವನ್ನೂ ಎದುರುನೋಡದೆ ಬರಿದೆ ದೇಹವನ್ನು ಬಿಸಿ ಮಾಡಿಕೊಂಡರೆ ಅದು ಹಟ.

ನಮ್ಮ ಜಿಲ್ಲೆಯ ಮಲೆನಾಡಿನಲ್ಲಿ, ನರಸಿಂಹರಾಜಪುರದ ಕಡೆ, ಕೇರಳದಿಂದ ಬಂದು ನೆಲಸಿದ ಸುರಿಯಾನಿ ಕ್ರೈಸ್ತರಿದ್ದಾರೆ. ಅವರಲ್ಲಿ ವಿಭೂತಿ ಬುಧವಾರದ ಬದಲು ಸೋಮವಾರದಂದು ಉಪವಾಸ ಆರಂಭವಾಗುತ್ತದೆ. ಅದಕ್ಕೆ ಐವತ್ತು ದಿನದ ‘ನೋಂಬು’ ಎಂದು ಹೆಸರು. ಹಳಗನ್ನಡ ಓದಿದವರಿಗೆ ಈ ಮಾತು ಕೇಳಿದೊಡನೆ ಕಿವಿ ನಿಮಿರಬೇಕು. ನಮ್ಮ ಜೈನಕವಿಗಳು ವ್ರತಕ್ಕೆ ಹೇಳಿದ ‘ನೋಂಪಿ’ಯೇ ಅದು. ನಾವು ಮರೆತ ಮಾತೊಂದು ನೆರೆಮನೆಯ ಅಡಿಗೆಮನೆಯಲ್ಲಿ ಬದುಕಿಕೊಂಡಿದೆ.

ದೇವನೂರಿನಲ್ಲಿ ಕುಳಿತು ಈ ವಿಷಯ ಬರೆಯುವವನಿಗೆ ಲಕ್ಷ್ಮೀಶ ಕವಿಯ ನೆನಪು ಬಾರದೆ ಇರದು. ಅವನು ಹಾಡಿದ ದೇವಪುರ ನಮ್ಮ ದೇವನೂರೇ ಎಂಬುದು ಹಲವು ವಿದ್ವಾಂಸರ ಮತ. ಇಲ್ಲಿನ ಲಕ್ಷ್ಮೀಕಾಂತನೇ ಅವನ ಇಷ್ಟದೈವ. ಅವನ ಜೈಮಿನಿ ಭಾರತವನ್ನು ಅಚ್ಚಿಗೆ ತಂದವರಲ್ಲಿ ಕ್ರೈಸ್ತ ಪಾದ್ರಿಗಳೂ ಇದ್ದರು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗರು ಮಂಗಳೂರಿನಿಂದ ಹೊರಡಿಸಿದ ಕನ್ನಡ ಕಾವ್ಯಮಾಲೆಯಲ್ಲಿ ಅದು ಸೇರಿತ್ತು. ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ನರು 1852ರಲ್ಲಿ ಬೆಂಗಳೂರಿನಲ್ಲಿ ಅದನ್ನು ಇಂಗ್ಲಿಷ್ ಅನುವಾದ, ಟಿಪ್ಪಣಿಗಳೊಡನೆ ಪ್ರಕಟಿಸಿದರು. ಆ ಕಾವ್ಯದ ಆರಂಭವನ್ನು ನೆನೆಯಿರಿ. ಯುದ್ಧ ಗೆದ್ದಾಗಿದೆ, ಸಿಂಹಾಸನ ದಕ್ಕಿದೆ. ಆದರೆ ಬಂಧುಗಳನ್ನು ಕೊಂದ ಪಾಪ ಧರ್ಮರಾಯನನ್ನು ಸುಡುತ್ತಿದೆ. ಅದರ ಪರಿಹಾರಕ್ಕೆಂದು ವ್ಯಾಸರು ಅಶ್ವಮೇಧವನ್ನು ಹೇಳುತ್ತಾರೆ. ಕುದುರೆ ದೇಶ ತಿರುಗಿ ಬರುವ ವರ್ಷಕಾಲವೂ ಅರಸನು ಅಸಿಪತ್ರವೆಂಬ ಕಠಿಣವ್ರತ ಹಿಡಿದು ಕಾಯಬೇಕು. ಕುದುರೆಯ ಹಿಂದೆ ಹೋದವರ ಸಾಹಸ ನಮಗೆ ನೆನಪಿರುತ್ತದೆ. ಮನೆಯಲ್ಲಿ ವ್ರತ ಹಿಡಿದು ಕುಳಿತವನು ಮರೆತುಹೋಗುತ್ತಾನೆ. ಅವನ ವ್ರತವಿಲ್ಲದೆ ಯಾಗವಿಲ್ಲ. ಗೆದ್ದ ಮೇಲೂ ತನ್ನೊಳಗನ್ನು ತೊಳೆದುಕೊಳ್ಳದೆ ಹೊಸ ಕಾಲ ಆರಂಭವಾಗದೆಂಬ ಈ ಮಾತು ಒಂದು ಮತಕ್ಕೆ ಸೇರಿದ್ದಲ್ಲ.

ಕ್ರೈಸ್ತಸಭೆಯ ಇತಿಹಾಸದಲ್ಲಿಯೂ ಇದೇ ಕ್ರಮ. ಆದಿಕಾಲದಲ್ಲಿ ಹೊಸದಾಗಿ ಸಭೆಗೆ ಸೇರುವವರು ಈಸ್ಟರಿನ ಹಿಂದಿನ ರಾತ್ರಿ ಸ್ನಾನದೀಕ್ಷೆ ಪಡೆಯುತ್ತಿದ್ದರು. ಅದಕ್ಕೆ ಮುಂಚೆ ಉಪವಾಸ, ಬೋಧನೆ, ಪ್ರಾರ್ಥನೆಗಳಿಂದ ಅವರನ್ನು ಅಣಿಗೊಳಿಸುತ್ತಿದ್ದರು. ಬರಬರುತ್ತ, ಹಿಂದೆಯೇ ದೀಕ್ಷೆ ಪಡೆದವರೂ ಅವರ ಜೊತೆಗೆ ಉಪವಾಸವಿರತೊಡಗಿದರು. ಹೊಸಬರಿಗೆ ಮೊದಲ ಸಿದ್ಧತೆ, ಹಳಬರಿಗೆ ಮರುಸಿದ್ಧತೆ. ಕ್ರಿ.ಶ. 325ರಲ್ಲಿ ನೈಸೀಯದಲ್ಲಿ ನಡೆದ ಮಹಾಸಭೆಯ ಕಾಲಕ್ಕಾಗಲೇ ‘ನಲವತ್ತರ ಕಾಲ’ವೆಂಬ ಮಾತು ಬಳಕೆಯಲ್ಲಿತ್ತು.

ಈಗ ವಿಭೂತಿ ಬುಧವಾರದಂದು ದೇವಾಲಯದಲ್ಲಿ ನಡೆಯುವುದನ್ನು ನೋಡೋಣ. ಹಿಂದಿನ ವರ್ಷ ಗರಿಗಳ ಭಾನುವಾರದಂದು ಭಕ್ತರು ಜಯಘೋಷ ಮಾಡುತ್ತ ಎತ್ತಿ ಹಿಡಿದಿದ್ದ ಗರಿಗಳನ್ನು ಸುಟ್ಟು ಬೂದಿ ಮಾಡುತ್ತಾರೆ. ನಮ್ಮ ಕಡೆ ಅವು ಸಾಮಾನ್ಯವಾಗಿ ತೆಂಗಿನ ಗರಿಗಳು. ಗುರುಗಳು ಆ ಬೂದಿಯಿಂದ ಒಬ್ಬೊಬ್ಬರ ಹಣೆಗೂ ಶಿಲುಬೆಯ ಗುರುತಿಟ್ಟು, ನೀನು ಮಣ್ಣು, ಮಣ್ಣಿಗೇ ಮರಳುವೆ ಎಂಬ ಅರ್ಥದ ಮಾತನ್ನಾಗಲಿ, ಮನಸ್ಸು ತಿರುಗಿಸಿಕೊಂಡು ಶುಭಸಂದೇಶವನ್ನು ನಂಬು ಎಂಬ ಅರ್ಥದ ಮಾತನ್ನಾಗಲಿ ಹೇಳುತ್ತಾರೆ. ಸಾಹುಕಾರನ ಹಣೆಗೂ ಕೂಲಿಯವನ ಹಣೆಗೂ ಒಂದೇ ಬೂದಿ. ಹೋದ ವರ್ಷದ ಜಯಘೋಷವೇ ಈ ವರ್ಷದ ಬೂದಿಯಾಗಿ ಹಣೆಗೆ ಬಂದಿತೆಂಬುದನ್ನು ಯೋಚಿಸಿದರೆ ಯಾರಿಗಾದರೂ ಬೆನ್ನು ಸ್ವಲ್ಪ ಬಾಗುತ್ತದೆ. ಸಿದ್ಧತೆಯ ಮೊದಲ ಮೆಟ್ಟಿಲು ಅದೇ: ತನ್ನ ಅಳತೆಯನ್ನು ತಾನು ತಿಳಿಯುವುದು.

ಅಲ್ಲಿಂದ ಮುಂದಕ್ಕೆ ಮೂರು ಸಾಧನೆಗಳು: ಪ್ರಾರ್ಥನೆ, ಉಪವಾಸ, ದಾನ. ರೋಮನ್ ಕಥೋಲಿಕರಲ್ಲಿ ವಿಭೂತಿ ಬುಧವಾರ ಮತ್ತು ಯೇಸು ಪ್ರಾಣಬಿಟ್ಟ ಪವಿತ್ರ ಶುಕ್ರವಾರ, ಈ ಎರಡು ದಿನಗಳಲ್ಲಿ ಉಪವಾಸ ಕಡ್ಡಾಯ. ಹದಿನೆಂಟು ವರ್ಷ ತುಂಬಿ ಅರುವತ್ತನೆಯ ವರ್ಷಕ್ಕೆ ಕಾಲಿಡದವರು ಅಂದು ಒಂದೇ ಪೂರ್ಣ ಊಟ ಮಾಡಬೇಕು. ಉಳಿದ ಶುಕ್ರವಾರಗಳಂದು ಮಾಂಸ ವರ್ಜ್ಯ. ಯೇಸುವಿನ ಯಾತನೆಯನ್ನು ಹದಿನಾಲ್ಕು ತಾಣಗಳಲ್ಲಿ ನಿಂತು ಧ್ಯಾನಿಸುವ ‘ಶಿಲುಬೆಯ ಹಾದಿ’ ನಡೆಯುತ್ತದೆ. ಹಿಂದೆ ಕಟ್ಟಳೆಗಳು ಬಹಳ ಬಿಗಿಯಾಗಿದ್ದವು. 1966ರಲ್ಲಿ ಆರನೆಯ ಪೌಲ್ ಪೋಪರು ಅವನ್ನು ಸಡಿಲಿಸಿದರು. ಸಡಿಲಿಸಿದ್ದು ಸುಖಪಡಲೆಂದಲ್ಲ, ಕಟ್ಟಳೆಯಿಂದ ನಡೆಯುತ್ತಿದ್ದುದನ್ನು ಮನಸ್ಸಿನಿಂದ ನಡೆಸಲೆಂದು. 1947ರಲ್ಲಿ ರೂಪುಗೊಂಡ ದಕ್ಷಿಣ ಇಂಡಿಯಾ ಸಭೆಯಲ್ಲಿ ಶುಭ ಶುಕ್ರವಾರದ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಮೇಲಿನ ಏಳು ಮಾತುಗಳ ಧ್ಯಾನ ನಡೆಯುತ್ತದೆ. ಪದ್ಧತಿಗಳು ಬೇರೆಬೇರೆ, ದಿಕ್ಕು ಒಂದೇ.

ಈ ಮೂರು ಸಾಧನೆಗಳನ್ನು ಬಿಡಿಬಿಡಿಯಾಗಿ ನೋಡಬಾರದು. ಊಟ ಬಿಟ್ಟು ಉಳಿಸಿದ ಅಕ್ಕಿ ಮತ್ತೆ ನಮ್ಮ ಡಬ್ಬಿಗೇ ಹೋದರೆ ಅದು ಮಿತವ್ಯಯವಾಯಿತು, ವ್ರತವಾಗಲಿಲ್ಲ. ಅದು ಹಸಿದವನ ತಟ್ಟೆಗೆ ಹೋದಾಗ ಮಾತ್ರ ಉಪವಾಸ ದಾನವಾಗುತ್ತದೆ. ಹಸಿವನ್ನು ತಾನೂ ಒಂದು ಹೊತ್ತು ಅರಿತವನ ಪ್ರಾರ್ಥನೆಗೆ ಬೇರೆಯೇ ಧ್ವನಿ ಬರುತ್ತದೆ. ಪ್ರವಾದಿ ಯೆಶಾಯನ ಗ್ರಂಥದ 58ನೆಯ ಅಧ್ಯಾಯದಲ್ಲಿ ಈ ಮಾತು ಬಹಳ ಖಾರವಾಗಿ ಬಂದಿದೆ. ಉಪವಾಸದ ದಿನವೇ ಕೂಲಿಯಾಳುಗಳನ್ನು ಹಿಂಡಿ ದುಡಿಸಿಕೊಳ್ಳುವವರನ್ನು ಅಲ್ಲಿ ದೇವರು ತರಾಟೆಗೆ ತೆಗೆದುಕೊಳ್ಳುತ್ತಾನೆ. ಅನ್ಯಾಯದ ಕಟ್ಟು ಬಿಚ್ಚುವುದು, ಹಸಿದವನೊಡನೆ ಅನ್ನ ಹಂಚಿಕೊಳ್ಳುವುದು ತನಗೆ ಒಪ್ಪುವ ಉಪವಾಸವೆನ್ನುತ್ತಾನೆ. ವಿಭೂತಿ ಬುಧವಾರದಂದು ದೇವಾಲಯದಲ್ಲಿ ಓದುವ ಶುಭಸಂದೇಶದ ಭಾಗವೂ ಎಚ್ಚರಿಕೆಯದೇ. ಉಪವಾಸವಿದ್ದಾಗ ಮುಖ ಬಾಡಿಸಿಕೊಂಡು ಬೀದಿಯಲ್ಲಿ ತಿರುಗಬೇಡ, ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೋ ಎಂಬುದು ಅದರ ತಾತ್ಪರ್ಯ. ವ್ರತಕ್ಕೆ ಎದುರಿಗಿರುವ ದೊಡ್ಡ ಅಪಾಯ ಹಸಿವಲ್ಲ, ಪ್ರದರ್ಶನ.

ನೀರು ಇಳಿದಾಗ ತಳ ಕಾಣುತ್ತದೆ. ಉಪವಾಸದ ಕೆಲಸವೂ ಅದೇ. ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿದ ಒಂದು ದೇವಾಲಯವುಂಟು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದಾಗ ಊರು ಮುಳುಗಡೆಯಾಗಿ ಜನ ಬೇರೆಡೆ ನೆಲಸಿದರು. ಸೂರಿಲ್ಲದ ಗೋಡೆಗಳು, ಕಮಾನುಗಳು ನಿಂತವು. ಮಳೆಗಾಲದಲ್ಲಿ ಅದು ನೀರಿನಲ್ಲಿ ನಿಂತಿರುತ್ತದೆ. ನೋಡಲು ಹೋದವರು ಸೊಬಗನ್ನು ಹೊಗಳಿ ಬರುತ್ತಾರೆ. ಬೇಸಗೆಯಲ್ಲಿ ನೀರು ಸರಿದಾಗ ನಡೆದುಕೊಂಡೇ ಒಳಗೆ ಹೋಗಬಹುದು. ಆಗ ಕಾಣುವುದು ಸೊಬಗಲ್ಲ; ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಕುಸಿದಿದೆ, ಎಲ್ಲಿ ಕೆಸರು ನಿಂತಿದೆ ಎಂಬುದು. ತುಂಬಿದ ಹೊಟ್ಟೆ, ತುಂಬಿದ ಮಾತು, ತುಂಬಿದ ಸಡಗರಗಳ ಅಡಿಯಲ್ಲಿ ನಮ್ಮ ಬಿರುಕುಗಳೂ ಮುಳುಗಿರುತ್ತವೆ. ನೀರನ್ನು ಸ್ವಲ್ಪ ಇಳಿಸಿದರೆ ಅವು ಮೇಲೇಳುತ್ತವೆ. ಉಪವಾಸವಿದ್ದ ದಿನ ಸಣ್ಣ ಮಾತಿಗೂ ಸಿಟ್ಟು ಬರುವುದನ್ನು ಯಾರು ಕಂಡಿಲ್ಲ? ಆ ಸಿಟ್ಟನ್ನು ಉಪವಾಸ ಹುಟ್ಟಿಸಲಿಲ್ಲ. ತಳದಲ್ಲಿದ್ದುದನ್ನು ತೋರಿಸಿತು, ಅಷ್ಟೆ.

ಬೀರೂರಿನ ಕಡೆಯ ಪರಿಚಿತರೊಬ್ಬರು ಹೇಳಿದ ಸಂಗತಿ ಇಲ್ಲಿ ನೆನಪಾಗುತ್ತದೆ. ಅವರು ಕ್ರೈಸ್ತರು, ತೆಂಗಿನ ತೋಟದವರು. ಪ್ರತಿ ತಪಸ್ಸು ಕಾಲದಲ್ಲಿಯೂ ಮಾಂಸ ಬಿಡುತ್ತಿದ್ದರು, ಎಲೆಅಡಿಕೆ ಬಿಡುತ್ತಿದ್ದರು, ಒಂದು ಶುಕ್ರವಾರವನ್ನೂ ತಪ್ಪಿಸುತ್ತಿರಲಿಲ್ಲ. ಕೊಳವೆ ಬಾವಿಯ ನೀರಿನ ಪಾಲಿಗಾಗಿ ತಮ್ಮನೊಡನೆ ಮಾತುಬಿಟ್ಟು ಮಾತ್ರ ಏಳು ವರ್ಷವಾಗಿತ್ತು. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಒಂದಾಗು ಎಂಬ ಯೇಸುವಿನ ಬೋಧನೆಯನ್ನು ಅವರು ಎಷ್ಟೋ ಸಲ ಕೇಳಿದ್ದರು. ಒಂದು ವರ್ಷ, ವಿಭೂತಿ ಬುಧವಾರಕ್ಕೆ ಎರಡು ದಿನ ಮುಂಚೆ, ಅವರ ಮನೆಯಾಕೆ ಕೇಳಿದರಂತೆ: “ಈ ಸಲವೂ ನಿಮಗೆ ಸುಲಭವಾದದ್ದನ್ನೇ ಬಿಡುತ್ತೀರೋ?” ಆ ಸಂಜೆಯೇ ಅವರು ತಮ್ಮನ ಮನೆಗೆ ಹೋದರು. ಮಾತು ಹೆಚ್ಚು ನಡೆಯಲಿಲ್ಲ. ಒಂದು ಲೋಟ ನೀರು ಕುಡಿದು ಎದ್ದುಬಂದರು. ನ್ಯಾಯಾಲಯದ ಮೊಕದ್ದಮೆ ಅಲ್ಲಿಗೆ ಮುಗಿಯಲಿಲ್ಲ. ಆದರೆ ಆ ವರ್ಷದ ಈಸ್ಟರಿಗೆ ಎರಡು ಮನೆಗಳ ಮಕ್ಕಳು ಒಂದೇ ಗಾಡಿಯಲ್ಲಿ ದೇವಾಲಯಕ್ಕೆ ಹೋದರು. “ಎಲೆಅಡಿಕೆ ಬಿಡುವುದಕ್ಕೆ ನಲವತ್ತು ದಿನ ಸಾಕು, ಆ ಬಾಗಿಲು ತಟ್ಟುವುದಕ್ಕೆ ಏಳು ವರ್ಷ ಬೇಕಾಯಿತು” ಎಂದು ಅವರು ಹೇಳಿದರು.

ಆದುದರಿಂದ ಸಿದ್ಧತೆಯನ್ನು ಬುಧವಾರ ಬೆಳಗ್ಗೆ ಆರಂಭಿಸುವುದಲ್ಲ. ಅದಕ್ಕೊಂದು ವಾರ ಮುಂಚೆ ಮನೆಯವರೆಲ್ಲ ಕುಳಿತು ಮೂರು ಸಂಗತಿಗಳನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು: ಬಿಡುವುದು ಯಾವುದು, ಕೊಡುವುದು ಎಷ್ಟು, ಹೋಗುವುದು ಯಾರ ಬಳಿಗೆ. ಬಿಡುವುದು ಚಿಕ್ಕದಾದರೂ ದಿನವೂ ನಡೆಯುವಂಥದಾಗಿರಲಿ. ಕಾಫಿಯ ಜಿಲ್ಲೆಯವರಿಗೆ ಕಾಫಿ ಬಿಡಿ ಎನ್ನುವುದು ಕ್ರೂರವೇ ಸರಿ. ಆದರೂ ಹೋಟೆಲಿನಲ್ಲಿ ದಿನಕ್ಕೊಂದು ಲೋಟ ಹದಿನೈದು ರೂಪಾಯಿಯಂತೆ ಕುಡಿಯುವವರು ನಲವತ್ತು ದಿನ ಅದನ್ನು ಬಿಟ್ಟರೆ ಆರುನೂರು ರೂಪಾಯಿಯಾಗುತ್ತದೆ. ಒಂದು ಬಡಮಗುವಿನ ವರ್ಷದ ನೋಟುಬುಕ್ಕುಗಳಿಗೆ ಅದು ನೆರವಾದೀತು. ಆ ಹಣವನ್ನು ದಿನದಿನವೂ ಒಂದು ಡಬ್ಬಿಗೆ ಹಾಕಬೇಕು. ಕೊನೆಗೆ ಒಟ್ಟಿಗೆ ಕೊಡುತ್ತೇನೆಂದು ಮನಸ್ಸಿನಲ್ಲಿಯೇ ಲೆಕ್ಕವಿಟ್ಟರೆ ಅದು ಮನಸ್ಸಿನಲ್ಲಿಯೇ ಉಳಿಯುತ್ತದೆ. ಪಾಪನಿವೇದನೆ ಮಾಡುವ ಪದ್ಧತಿಯುಳ್ಳವರು ಅದನ್ನು ಹಬ್ಬದ ಹಿಂದಿನ ದಿನದ ನೂಕುನುಗ್ಗಲಿಗೆ ಬಿಡದೆ ಮೊದಲ ವಾರದಲ್ಲಿಯೇ ಮಾಡಿದರೆ, ಉಳಿದ ದಿನಗಳಲ್ಲಿ ತಿದ್ದಿಕೊಳ್ಳಲು ಅವಕಾಶವಿರುತ್ತದೆ.

ಇನ್ನೊಂದು ಮಾತು. ರೇಡಿಯೋ ಪತ್ರಿಕೆಯಲ್ಲಿ ಇದನ್ನು ಬರೆದರೆ ಸಂಪಾದಕರು ಹುಬ್ಬು ಗಂಟಿಕ್ಕಬಹುದು, ಆದರೂ ಬರೆಯುತ್ತೇನೆ. ದಿನಕ್ಕೆ ಅರ್ಧ ಗಂಟೆ ಮನೆಯ ಎಲ್ಲ ಸದ್ದುಗಳನ್ನೂ ನಿಲ್ಲಿಸಿ ನೋಡಿ. ಮೊಬೈಲು, ದೂರದರ್ಶನ, ಕೊನೆಗೆ ನಮ್ಮ ಪ್ರೀತಿಯ ರೇಡಿಯೋ ಕೂಡ. ದೂರದ ನಿಲಯ ಹಿಡಿಯುವಾಗ ಮನೆಯವರನ್ನೆಲ್ಲ ಸುಮ್ಮನಿರಿಸಿ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಉಸಿರು ಬಿಗಿಹಿಡಿದು ಕಿವಿಗೊಡುತ್ತಿದ್ದುದು ಹಿರಿಯ ಕೇಳುಗರಿಗೆ ನೆನಪಿರಬೇಕು. ದನಿ ಅಲ್ಲಿ ಇದ್ದೇ ಇತ್ತು; ಗದ್ದಲವಿದ್ದುದು ನಮ್ಮ ಕಡೆ. ಪ್ರಾರ್ಥನೆಯೆಂದರೆ ನಾವು ದೇವರಿಗೆ ವರದಿ ಒಪ್ಪಿಸುವುದಷ್ಟೇ ಅಲ್ಲ, ನಮ್ಮ ಕಡೆಯ ಗದ್ದಲ ಇಳಿಸಿ ಕೇಳುವುದೂ ಹೌದು.

ಕ್ರೈಸ್ತರಲ್ಲದ ಮನೆಗಳಿಗೆ ಇದರಲ್ಲಿ ಏನಿದೆಯೆಂದು ಕೇಳಬಹುದು. 2026ನೆಯ ಇಸವಿಯ ಪಂಚಾಂಗವನ್ನೇ ನೋಡಿ: ಫೆಬ್ರವರಿ 15ರಂದು ಶಿವರಾತ್ರಿ, 18ರಂದು ವಿಭೂತಿ ಬುಧವಾರ, ಅದೇ ವಾರದಲ್ಲಿ ರಂಜಾನ್ ಉಪವಾಸದ ಆರಂಭ. ಒಂದೇ ಬೀದಿಯ ಮೂರು ಮನೆಗಳು ಒಂದೇ ವಾರದಲ್ಲಿ ಹಸಿದವು. ಇಂಥ ದಿನಗಳಲ್ಲಿ ನೆರೆಯವರು ಒಬ್ಬರಿಗೊಬ್ಬರು ಮಾಡಬಹುದಾದ ಉಪಕಾರ ಬಹಳ ಸಣ್ಣದು, ಆದರೆ ಬೆಲೆಯುಳ್ಳದ್ದು. ಉಪವಾಸವಿರುವವರನ್ನು ಊಟಕ್ಕೆ ಬಲವಂತ ಮಾಡದಿರುವುದು, ಅವರ ಪ್ರಾರ್ಥನೆಯ ಹೊತ್ತಿನಲ್ಲಿ ನಮ್ಮ ಸದ್ದನ್ನು ತಗ್ಗಿಸುವುದು, ತರಗತಿಯಲ್ಲಿ ಹಣೆಗೆ ಬೂದಿ ಹಚ್ಚಿಕೊಂಡು ಬಂದ ಮಗುವನ್ನು ನೋಡಿ ಬೇರೆ ಮಕ್ಕಳು ನಗದಂತೆ ಅದರ ಅರ್ಥವನ್ನು ಹೇಳಿಕೊಡುವುದು.

ಇಷ್ಟೆಲ್ಲ ಗೊತ್ತುಮಾಡಿಕೊಂಡರೂ ನಡುವೆ ವ್ರತ ಮುರಿಯುವುದುಂಟು. ಹತ್ತನೆಯ ದಿನ ನಾಲಗೆ ಜಾರುತ್ತದೆ, ಇಪ್ಪತ್ತನೆಯ ದಿನ ಡಬ್ಬಿಗೆ ಕಾಸು ಹಾಕುವುದು ಮರೆಯುತ್ತದೆ. ಮುರಿದುಹೋಯಿತೆಂದು ಕೈಬಿಡುವುದು ಸಿದ್ಧತೆಯ ಮರ್ಮವನ್ನೇ ಅರಿಯದವರ ಮಾತು. ನಲವತ್ತು ದಿನಗಳಿರುವುದು ಬೀಳದೆ ನಡೆಯುವವರಿಗಾಗಿ ಅಲ್ಲ; ಬಿದ್ದವರು ಎದ್ದು ಮತ್ತೆ ನಡೆಯುವುದಕ್ಕೆ ಕಾಲ ಸಾಲಲೆಂದು. ಹನ್ನೊಂದನೆಯ ದಿನದ ಬೆಳಗ್ಗೆ ಮತ್ತೆ ಗುದ್ದಲಿ ಹಿಡಿದರೆ ಸರಿ. ಮುಂಗಾರಿಗೆ ಇನ್ನೂ ಸಮಯವಿದೆ.